ಕವಿಶಿಷ್ಯ ಪಂಜೆ ಮಂಗೇಶರಾಯರು

ಕಾಗಕ್ಕ ಗುಬ್ಬಕ್ಕನ ಕಥೆಯನ್ನು ಕೇಳದೆ ಬೆಳೆದ ಕೂಸು ನಮ್ಮ ಸೀಮೆಯಲ್ಲಿ ವಿರಳ. ಮಳೆ ಸುರಿಯುತ್ತದೆ, ಕಾಗಕ್ಕನ ಸೆಗಣಿಯ ಮನೆ ಕರಗಿ ಹೋಗುತ್ತದೆ, ನೆನೆದು ನಡುಗುತ್ತ ಅದು ಗುಬ್ಬಕ್ಕನ ಬಾಗಿಲಿಗೆ ಬಂದು ಕದ ತಟ್ಟುತ್ತದೆ, ಗುಬ್ಬಕ್ಕನಾದರೋ ಕೂಸಿಗೆ ಎರೆದು, ಬಟ್ಟೆ ತೊಡಿಸಿ, ತೊಟ್ಟಿಲಿಗೆ ಹಾಕುವವರೆಗೆ ತಾಳೆಂದು ಒಳಗಿನಿಂದಲೇ ಕೂಗಿ ಹೇಳುತ್ತದೆ. ಕನ್ನಡದ ಅಜ್ಜಿ ಹೇಳುವಾಗ ಗುಬ್ಬಕ್ಕನ ಮನೆ ಕಲ್ಲಿನದು. ನೆರೆಯ ಮರಾಠಿ ಅಜ್ಜಿ ಹೇಳುವಾಗ ಅದೇ ಗುಬ್ಬಿ ಚಿಮಣಿಯಾಗಿ ಮೇಣದ ಮನೆಯಲ್ಲಿ ವಾಸಿಸುತ್ತದೆ. ಕಾಗೆಯ ಮನೆ ಮಾತ್ರ ಎರಡು ಕಡೆಯಲ್ಲಿಯೂ ಸೆಗಣಿಯದೇ! ಹುಲಜಂತಿಯಿಂದ ಮಂಗಳವೇಢೆಯವರೆಗೆ, ಅಕ್ಕಲಕೋಟೆಯಿಂದ ಸೊಲ್ಲಾಪುರದವರೆಗೆ ಈ ಕಥೆ ಎಷ್ಟು ಸಲ ಭಾಷೆಯ ಗಡಿಯನ್ನು ದಾಟಿ ಹೋಗಿ ಬಂದಿದೆಯೋ ಬಲ್ಲವರಾರು? ಮಗುವಿಗೆ ಅದರ ಚಿಂತೆಯೇ ಇಲ್ಲ. ತನ್ನ ತಾಯಿಯ ಬಾಯಿಂದ, ತನ್ನ ಮನೆಯ ಮಾತಿನಲ್ಲಿ ಕೇಳಿದ್ದರಿಂದ ಅದು ತನ್ನದೇ ಕಥೆ.

ಮಕ್ಕಳ ಸಾಹಿತ್ಯದ ಈ ಸರಳ ಧರ್ಮವನ್ನು ಅರಿತು, ಅದನ್ನೇ ಒಂದು ಜೀವಮಾನದ ಕೈಂಕರ್ಯವನ್ನಾಗಿ ಮಾಡಿಕೊಂಡ ಮಹನೀಯರು ಪಂಜೆ ಮಂಗೇಶರಾಯರು. ಕನ್ನಡದ ಮಕ್ಕಳಿಗೆ ಹಾಡನ್ನೂ ಕಥೆಯನ್ನೂ ಕೊಟ್ಟವರೆಂದು ಅವರ ಹೆಸರು ನಾಡಿನಲ್ಲೆಲ್ಲ ಪ್ರಸಿದ್ಧವಾಗಿದೆ. ಆದರೆ ಅವರ ಮನೆಮಾತು ಕನ್ನಡವಾಗಿರಲಿಲ್ಲವೆಂಬುದನ್ನೂ, ಕರ್ನಾಟಕವೆಂಬ ಒಂದು ರಾಜ್ಯವನ್ನು ಅವರು ಕಣ್ಣಾರೆ ಕಾಣಲಿಲ್ಲವೆಂಬುದನ್ನೂ ನಾವು ಮರೆಯುವುದುಂಟು. ಗಡಿಯಲ್ಲಿ ಬಾಳುವ ನಮಗೆ ಅವರ ಚರಿತ್ರೆಯ ಈ ಭಾಗವೇ ಹೆಚ್ಚು ಹತ್ತಿರದ್ದು.

ಜನನ ಮತ್ತು ಬಾಲ್ಯ

ಮಂಗೇಶರಾಯರು ೧೮೭೪ನೆಯ ಇಸವಿಯ ಫೆಬ್ರವರಿ ೨೨ರಂದು ದಕ್ಷಿಣ ಕನ್ನಡ ಜಿಲ್ಲೆಯ ಬಂಟವಾಳದಲ್ಲಿ ಜನಿಸಿದರು. ನೇತ್ರಾವತಿ ನದಿಯ ದಡದ ಈ ಊರು ಆಗ ಮದರಾಸು ಪ್ರಾಂತಕ್ಕೆ ಸೇರಿತ್ತು. ತಂದೆ ರಾಮಪ್ಪಯ್ಯನವರು, ತಾಯಿ ಸೀತಮ್ಮನವರು. ಮನೆತನದ ಹಿರಿಯರು ಸುಬ್ರಹ್ಮಣ್ಯಕ್ಕೆ ಸಮೀಪದ ಪಂಜವೆಂಬ ಊರಿನಿಂದ ಬಂದವರಾದುದರಿಂದ ಪಂಜೆಯೆಂಬ ಹೆಸರು ಕುಟುಂಬಕ್ಕೆ ನಿಂತಿತು.

ಸಾರಸ್ವತ ಕುಲದ ಆ ಮನೆಯಲ್ಲಿ ಆಡುತ್ತಿದ್ದ ಮಾತು ಕೊಂಕಣಿ. ಹೊಸ್ತಿಲು ದಾಟಿ ಬೀದಿಗೆ ಇಳಿದರೆ ತುಳು. ಶಾಲೆಯಲ್ಲಿ ಕನ್ನಡ. ಮುಂದಿನ ವಿದ್ಯೆಗೂ ಸರಕಾರಿ ಕೆಲಸಕ್ಕೂ ಇಂಗ್ಲಿಷು. ಹೀಗೆ ಒಬ್ಬ ಹುಡುಗನ ನಾಲಗೆಯ ಮೇಲೆ ನಾಲ್ಕು ನುಡಿಗಳು ಕೂಡಿ ಆಡಿದುವು. ಇಂದಿಗೂ ಕರಾವಳಿಯ ಮಕ್ಕಳಿಗೆ ಇದು ಸಹಜವಾದ ಬಾಳು; ಸೊಲ್ಲಾಪುರದ ಪೇಟೆಯಲ್ಲಿ ಕನ್ನಡ, ಮರಾಠಿ, ತೆಲುಗು, ಉರ್ದುಗಳನ್ನು ಒಂದೇ ದಿನದಲ್ಲಿ ಕೇಳುವ ನಮ್ಮ ಮಕ್ಕಳಿಗೂ ಹಾಗೆಯೇ. ನುಡಿಗಳು ಹಲವಾದರೆ ಮಗುವಿನ ಬುದ್ಧಿ ಕಲಕುವುದೆಂದು ಅಂಜುವವರು ಪಂಜೆಯವರ ಬಾಲ್ಯವನ್ನು ನೋಡಬೇಕು. ಆ ನಾಲ್ಕು ನುಡಿಗಳಲ್ಲಿ ಯಾವುದೂ ಮತ್ತೊಂದನ್ನು ಹೊರಗೆ ದೂಡಲಿಲ್ಲ. ಒಂದೊಂದೂ ತನ್ನ ಪಾಲಿನ ಕಥೆಯನ್ನು, ತನ್ನ ಪಾಲಿನ ಲಯವನ್ನು ತಂದು ಕನ್ನಡದ ಮಡಿಲಿಗೆ ಹಾಕಿತು.

ಮನೆಯ ಸ್ಥಿತಿ ಅನುಕೂಲವಾಗಿರಲಿಲ್ಲ. ವಿದ್ಯಾಭ್ಯಾಸ ಮುಗಿಯುವ ಮುನ್ನವೇ ತಂದೆಯವರು ತೀರಿಕೊಂಡರು. ಮಂಗಳೂರಿನಲ್ಲಿ ಓದುತ್ತಿದ್ದ ತರುಣನ ಹೆಗಲ ಮೇಲೆ ಸಂಸಾರದ ಭಾರ ಬಿದ್ದಿತು. ಇತರರ ಮಕ್ಕಳಿಗೆ ಮನೆಪಾಠ ಹೇಳಿ ಅದರಿಂದ ಬಂದ ಅಲ್ಪ ಹಣದಲ್ಲಿ ಅವರು ತಮ್ಮ ಓದನ್ನೂ ಮನೆಯನ್ನೂ ಸಾಗಿಸಿದರು. ಮುಂದೆ ಮಕ್ಕಳ ಮನಸ್ಸನ್ನು ಬಲ್ಲ ಕವಿಯೆಂದು ಹೆಸರಾದವರಿಗೆ ಮಕ್ಕಳೊಡನೆ ಕೂಡುವ ಮೊದಲ ಅವಕಾಶ ದೊರೆತದ್ದು ಹೀಗೆ, ಬಡತನದ ಬಾಗಿಲಿನಿಂದ.

ಶಿಕ್ಷಕ ವೃತ್ತಿ

ಆ ಕಾಲದ ಮಂಗಳೂರು ಕನ್ನಡದ ಮುದ್ರಣಕ್ಕೆ ಒಂದು ದೊಡ್ಡ ಕೇಂದ್ರವಾಗಿತ್ತು. ೧೮೪೧ರಲ್ಲಿ ಅಲ್ಲಿ ಸ್ಥಾಪಿತವಾಗಿದ್ದ ಬಾಸೆಲ್ ಮಿಶನ್ ಮುದ್ರಣಾಲಯದಿಂದ ಕಿಟ್ಟೆಲರ ಪ್ರಸಿದ್ಧ ಕನ್ನಡ ನಿಘಂಟು ೧೮೯೪ರಲ್ಲಿ ಹೊರಬಿದ್ದಾಗ ಮಂಗೇಶರಾಯರಿಗೆ ಇಪ್ಪತ್ತು ವರುಷ. ಅಚ್ಚಿನ ಮೊಳೆ, ಕನ್ನಡದ ವಿದ್ವತ್ತು, ಶಾಲೆಗಳ ಹೊಸ ವ್ಯವಸ್ಥೆ, ಇವೆಲ್ಲವುಗಳ ನಡುವೆ ಅವರು ಬೆಳೆದರು. ಸರಕಾರಿ ಕಾಲೇಜಿನಲ್ಲಿ ಕನ್ನಡ ಪಂಡಿತರಾಗಿ ಕೆಲಸಕ್ಕೆ ಸೇರಿದರು, ಕೆಲಸದಲ್ಲಿದ್ದುಕೊಂಡೇ ಬಿ.ಎ. ಪದವಿಯನ್ನು ಪಡೆದರು, ಮದರಾಸಿನ ಸೈದಾಪೇಟೆಯ ಶಿಕ್ಷಕರ ಕಾಲೇಜಿನಲ್ಲಿ ಎಲ್.ಟಿ. ಪರೀಕ್ಷೆಗೆ ಓದಿದರು, ಅನಂತರ ಶಾಲೆಗಳ ಸಬ್ ಅಸಿಸ್ಟೆಂಟ್ ಇನ್‌ಸ್ಪೆಕ್ಟರರಾಗಿ ಊರೂರು ಸುತ್ತಿದರು.

ಈ ತಿರುಗಾಟದಲ್ಲಿ ಅವರು ಕಂಡದ್ದೇನು? ಎಳೆಯ ಮಕ್ಕಳು ಜೈಮಿನಿ ಭಾರತದ ಷಟ್ಪದಿಗಳನ್ನು ಅರ್ಥವರಿಯದೆ ಬಾಯಿಪಾಠ ಮಾಡುತ್ತಿದ್ದರು. ಕಾವ್ಯ ಉತ್ತಮವಾದುದೇ, ಆದರೆ ಆರೇಳು ವರುಷದ ಕೂಸಿಗೆ ಅದು ಎಟುಕದ ಹಣ್ಣು. ಮನೆಯಲ್ಲಿ ಅಜ್ಜಿಯ ಕಥೆ ಕೇಳಿ ಕಣ್ಣರಳಿಸುತ್ತಿದ್ದ ಮಗು ಶಾಲೆಯ ಬಾಗಿಲಿಗೆ ಬಂದೊಡನೆ ಆ ಕಥೆಯನ್ನು ಹೊರಗೆ ಬಿಟ್ಟು ಬರಬೇಕಾಗಿತ್ತು. ಮಗುವಿನ ಬಾಯಿಗೆ ಹೊಂದುವ ಮಾತು, ಕೈತಟ್ಟಿ ಕುಣಿಯಲು ಬರುವ ಲಯ, ಕೇಳಿದ ಮೇಲೆ ಮತ್ತೊಮ್ಮೆ ಹೇಳೆಂದು ಪೀಡಿಸುವಂತಹ ಕಥೆ, ಇವು ಪಾಠಪುಸ್ತಕದಲ್ಲಿ ಇರಲಿಲ್ಲ.

ಆಗಿನ ಕಾಲದಲ್ಲಿ ಇನ್‌ಸ್ಪೆಕ್ಟರರು ಬಂದರೆಂದರೆ ಶಾಲೆಯಲ್ಲಿ ಭಯದ ವಾತಾವರಣ. ಮಾಸ್ತರರು ಬೆವರುವರು, ಮಕ್ಕಳು ಉಸಿರು ಬಿಗಿಹಿಡಿದು ಕುಳ್ಳಿರುವರು. ಪಂಜೆಯವರಾದರೋ ಮಕ್ಕಳ ಮುಂದೆ ನಿಂತು ಕಥೆ ಹೇಳುವ, ಹಾಡಿ ತೋರಿಸುವ ಅಧಿಕಾರಿಯೆಂದು ಹೆಸರಾದರು. ತಮ್ಮ ಇಲಾಖೆಯ ಡೊಂಕುಗಳನ್ನು ಕಂಡು ಮನಸಾರೆ ನಕ್ಕವರೂ ಅವರೇ. ಹಳೆಯ ಸಬ್ ಅಸಿಸ್ಟೆಂಟನೊಬ್ಬನ ಸುಳ್ಳು ಡೈರಿಯ ರೂಪದಲ್ಲಿ ಅವರು ಬರೆದ ವಿನೋದ ಲೇಖನ ಕನ್ನಡದ ಹಾಸ್ಯ ಬರಹಗಳಲ್ಲಿ ಇಂದಿಗೂ ನೆನೆಯತಕ್ಕದ್ದು. ದೊಡ್ಡವರಿಗಾಗಿ ಬರೆದ ಸಣ್ಣ ಕಥೆಗಳೂ ಅವರಿಗೆ ಕೀರ್ತಿಯನ್ನು ತಂದುವು. ಮಂಗಳೂರಿನ ಸುವಾಸಿನಿ ಪತ್ರಿಕೆಯಲ್ಲಿ ೧೯೦೦ರಲ್ಲಿ ಬೆಳಕು ಕಂಡ ಅವರ ನನ್ನ ಚಿಕ್ಕ ತಾಯಿ ಎಂಬ ಕಥೆಯನ್ನು ಹೊಸಗನ್ನಡದ ಸಣ್ಣ ಕಥೆಯ ಇತಿಹಾಸ ಬರೆಯುವವರು ಮೊದಲ ಪುಟಗಳಲ್ಲಿಯೇ ಹೆಸರಿಸುತ್ತಾರೆ.

ಬರಹಗಳಿಗೆ ಅವರು ಹರಟೆಮಲ್ಲ ಎಂದೂ, ರಾ.ಮ.ಪಂ. ಎಂದೂ, ಕವಿಶಿಷ್ಯ ಎಂದೂ ಹೆಸರಿಟ್ಟುಕೊಂಡರು. ತಮ್ಮನ್ನು ಕವಿಯೆಂದು ಕರೆದುಕೊಳ್ಳದೆ ಕವಿಗಳ ಶಿಷ್ಯನೆಂದುಕೊಂಡ ಈ ವಿನಯವೇ ಕಡೆಗೆ ಅವರ ಬಿರುದಾಗಿ ನಿಂತಿತು.

ದೂರದ ಕಥೆಗೆ ಮನೆಯ ಉಡುಪು

ಪಂಜೆಯವರು ಮಕ್ಕಳಿಗಾಗಿ ಬರೆದ ಕಥೆಗಳ ಹೆಸರುಗಳನ್ನು ಹೇಳಿದರೆ ಸಾಕು, ಅವುಗಳ ರುಚಿ ಹತ್ತುತ್ತದೆ: ಗುಡುಗುಡು ಗುಮ್ಮಟ ದೇವರು, ಮೆಣಸಿನ ಕಾಳಪ್ಪ, ಸಿಗಡಿ ಯಾಕೆ ಒಣಗಲಿಲ್ಲ, ಹೇನು ಸತ್ತು ಕಾಗೆ ಬಡವಾಯಿತು, ಮೂರು ಕರಡಿಗಳು, ಕೊಕ್ಕೊಕೋ ಕೋಳಿ. ಇವುಗಳಲ್ಲಿ ಕೆಲವು ಕರಾವಳಿಯ ಒಲೆಯ ಮುಂದೆ ಹುಟ್ಟಿದುವು. ಕೆಲವು ಕಡಲು ದಾಟಿ ಬಂದುವು. ಮತ್ತೆ ಕೆಲವು ಎಲ್ಲಿ ಹುಟ್ಟಿದುವೆಂದು ಯಾರೂ ಹೇಳಲಾರರು. ಏಕೆಂದರೆ ಅವು ಲೋಕದ ಎಲ್ಲ ಕಡೆಗಳಲ್ಲಿಯೂ ಇವೆ.

ಮೂರು ಕರಡಿಗಳ ಕಥೆಯನ್ನೇ ತೆಗೆದುಕೊಳ್ಳೋಣ. ಇದನ್ನು ಮೊದಲು ಅಚ್ಚು ಹಾಕಿಸಿದವನು ಇಂಗ್ಲೆಂಡಿನ ಕವಿ ರಾಬರ್ಟ್ ಸದಿ, ೧೮೩೭ರಲ್ಲಿ. ಅವನ ಕಥೆಯಲ್ಲಿ ಕರಡಿಗಳ ಮನೆಗೆ ನುಗ್ಗಿದವಳು ಒಬ್ಬ ಮುದುಕಿ. ಕೆಲವೇ ವರುಷಗಳಲ್ಲಿ ಬೇರೆ ಬರೆಹಗಾರರ ಕೈಗೆ ಸಿಕ್ಕಿ ಆ ಮುದುಕಿ ಎಳೆಯ ಹುಡುಗಿಯಾದಳು. ಹುಟ್ಟಿದ ನಾಡಿನಲ್ಲಿಯೇ ಇಷ್ಟು ರೂಪ ಬದಲಿಸಿದ ಕಥೆ ಕನ್ನಡಕ್ಕೆ ಬಂದಾಗ ಕನ್ನಡದ ಉಡುಪನ್ನು ತೊಟ್ಟರೆ ಆಕ್ಷೇಪಿಸುವವರು ಯಾರು?

ಮೆಣಸಿನ ಕಾಳಪ್ಪನ ಬಂಧುಬಳಗವಂತೂ ಬಹು ದೊಡ್ಡದು. ಹೆಬ್ಬೆರಳಿನಷ್ಟೇ ಎತ್ತರವಿದ್ದ ಟಾಮ್‌ನ ಕಥೆ ಇಂಗ್ಲೆಂಡಿನಲ್ಲಿ ೧೬೨೧ರಷ್ಟು ಹಿಂದೆಯೇ ಅಚ್ಚಾಗಿತ್ತು. ಜರ್ಮನಿಯ ಗ್ರಿಮ್ ಸಹೋದರರು ೧೮೧೨ರಿಂದ ಪ್ರಕಟಿಸತೊಡಗಿದ ಮನೆಮಕ್ಕಳ ಕಥೆಗಳಲ್ಲಿಯೂ ಅಂತಹ ಹೆಬ್ಬೆರಳ ಗಾತ್ರದ ಹುಡುಗನುಂಟು. ಜಪಾನಿನಲ್ಲಿ ಒಂದಂಗುಲದ ಹುಡುಗನೊಬ್ಬ ಬಟ್ಟಲನ್ನು ದೋಣಿ ಮಾಡಿಕೊಂಡು, ಸೂಜಿಯನ್ನು ಕತ್ತಿಯಾಗಿ ಹಿಡಿದು ರಾಜಧಾನಿಗೆ ಹೊರಡುತ್ತಾನೆ. ದೊಡ್ಡವರ ಲೋಕದಲ್ಲಿ ತಾನು ತೀರ ಚಿಕ್ಕವನೆಂದು ಪ್ರತಿದಿನವೂ ಅನುಭವಿಸುವ ಮಗುವಿಗೆ, ಚಿಕ್ಕವನೂ ಗೆಲ್ಲಬಲ್ಲನೆಂಬ ಕಥೆ ಎಲ್ಲ ದೇಶಗಳಲ್ಲಿಯೂ ಬೇಕು. ಪಂಜೆಯವರ ಪುಟ್ಟನ ಅಳತೆಯಾದರೋ ಹೆಬ್ಬೆರಳೂ ಅಲ್ಲ, ಅಂಗುಲವೂ ಅಲ್ಲ. ಕರಾವಳಿಯ ತೋಟಗಳಲ್ಲಿ ಅಡಿಕೆಯ ಮರಕ್ಕೆ ಹಬ್ಬಿದ ಬಳ್ಳಿಯಿಂದ ಉದುರುವ ಕರಿಮೆಣಸಿನ ಕಾಳು ಅದು. ಆ ಕಡೆಯ ಮಗುವಿಗೆ ಮೆಣಸಿನ ಕಾಳೆಂದರೆ ಕಣ್ಣ ಮುಂದೆ ಬಂದು ನಿಲ್ಲುವ ವಸ್ತು. ಅದರ ಗಾತ್ರ ಚಿಕ್ಕದು, ಖಾರ ಬಲು ದೊಡ್ಡದು. ಹೆಸರಿನಲ್ಲಿಯೇ ಅರ್ಧ ಕಥೆ ಮುಗಿಯಿತು.

ಸಿಗಡಿಯ ಕಥೆ ಇನ್ನೂ ಸ್ವಾರಸ್ಯವಾದುದು. ಸಿಗಡಿಯೆಂಬುದು ಕಡಲತೀರದ ಜನ ಹಿಡಿದು ಬಿಸಿಲಿಗೆ ಒಣಗಿಸಿಡುವ ಒಂದು ಸಣ್ಣ ಜಲಚರ. ಅದು ಏಕೆ ಒಣಗಲಿಲ್ಲವೆಂದು ಕೇಳುತ್ತ ಕೇಳುತ್ತ, ಒಂದರ ತಪ್ಪನ್ನು ಇನ್ನೊಂದರ ಮೇಲೆ ಹಾಕುತ್ತ ಸರಪಳಿಯಂತೆ ಬೆಳೆಯುವ ಕಥೆ ಇದು. ಇದರ ಒಡಹುಟ್ಟಾದ ಕಥೆಯೊಂದನ್ನು ಸೊಲ್ಲಾಪುರದವರು ಬಲ್ಲರು. ಮಗ್ಗದ ಕೇರಿಗಳಲ್ಲಿ ನೆಲೆಸಿದ ಪದ್ಮಶಾಲಿಗಳ ಮಾತಾದ ತೆಲುಗಿನಲ್ಲಿ ಅದು ಏಳು ಮೀನುಗಳ ಕಥೆ. ರಾಜನ ಏಳು ಮಂದಿ ಮಕ್ಕಳು ಏಳು ಮೀನುಗಳನ್ನು ತಂದು ಒಣಗಲು ಹಾಕುತ್ತಾರೆ. ಒಂದು ಮೀನು ಒಣಗದು. ಹುಲ್ಲಿನ ಬಣವೆ ಬಿಸಿಲನ್ನು ತಡೆಯಿತೆಂದು ಮೀನೂ, ಹಸು ಮೇಯಲಿಲ್ಲವೆಂದು ಬಣವೆಯೂ, ದನಗಾಹಿ ಬಿಡಲಿಲ್ಲವೆಂದು ಹಸುವೂ, ಅವ್ವ ಅನ್ನ ಹಾಕಲಿಲ್ಲವೆಂದು ದನಗಾಹಿಯೂ, ಕೂಸು ಅತ್ತಿತೆಂದು ಅವ್ವನೂ, ಇರುವೆ ಕಚ್ಚಿತೆಂದು ಕೂಸೂ ಹೇಳುತ್ತ ಹೋಗಿ, ನನ್ನ ಚಿನ್ನದ ಗೂಡಿನಲ್ಲಿ ಬೆರಳಿಟ್ಟರೆ ಕಚ್ಚದೆ ಬಿಡುವೆನೇ ಎಂದು ಇರುವೆ ಮುಗಿಸುತ್ತದೆ. ಅರಬ್ಬೀ ಸಮುದ್ರದ ತೀರದಲ್ಲಿ ಸಿಗಡಿ, ತೆಲುಗು ನಾಡಿನಲ್ಲಿ ಮೀನು. ಮಕ್ಕಳ ನಗೆ ಎರಡು ಕಡೆಯಲ್ಲಿಯೂ ಒಂದೇ.

ಹೇನು ಸತ್ತದ್ದಕ್ಕೆ ಕಾಗೆ ಬಡವಾದ ಕಥೆಯ ನಂಟಸ್ತಿಕೆ ಮತ್ತಷ್ಟು ದೂರದ್ದು. ಗ್ರಿಮ್ ಸಹೋದರರ ಸಂಗ್ರಹದ ಮೂವತ್ತನೆಯ ಕಥೆಯಲ್ಲಿ ಒಂದು ಹೇನೂ ಒಂದು ಚಿಗಟೆಯೂ ಜೊತೆಯಲ್ಲಿ ಸಂಸಾರ ಹೂಡಿರುತ್ತವೆ. ಹೇನು ಬೆಂದು ಸಾಯುತ್ತದೆ, ಚಿಗಟೆ ಅಳುತ್ತದೆ, ಆ ಅಳುವಿಗೆ ಬಾಗಿಲು ಕಿರುಗುಟ್ಟುತ್ತದೆ, ಕಸಬರಿಗೆ ಗುಡಿಸತೊಡಗುತ್ತದೆ, ಮರ ಮೈ ಕೊಡವುತ್ತದೆ, ನೀರಿಗೆ ಬಂದ ಹುಡುಗಿ ಕೊಡ ಒಡೆದುಕೊಳ್ಳುತ್ತಾಳೆ. ಸಂಸ್ಕೃತವನ್ನೂ ಇಂಗ್ಲಿಷನ್ನೂ ಬಲ್ಲ ಪಂಡಿತರೊಬ್ಬರು ಹೇನಿನ ಮರಣವನ್ನು ಕಥೆಯಾಗಿಸಿ ಅಚ್ಚಿಗೆ ಕೊಡುವುದು ಆ ಕಾಲಕ್ಕೆ ಸಣ್ಣ ಧೈರ್ಯವಾಗಿರಲಿಲ್ಲ. ಸಾಹಿತ್ಯವೆಂದರೆ ರಾಜರ ಯುದ್ಧ, ಋಷಿಗಳ ಉಪದೇಶ ಎಂದು ಜನ ತಿಳಿದಿದ್ದ ಕಾಲವದು. ಮುದುಕಿಯರ ಬಾಯಲ್ಲಿದ್ದ ಈ ಕಥೆಗಳಿಗೆ ಪುಸ್ತಕದಲ್ಲಿ ಮಣೆ ಹಾಕಿದ್ದು ಪಂಜೆಯವರ ಹಿರಿಮೆ.

ನಮ್ಮ ನಾಡಿಗೆ ಇದು ಹೊಸ ಮಾರ್ಗವೂ ಅಲ್ಲ. ಕಲ್ಯಾಣದ ಚಾಲುಕ್ಯರ ಆಶ್ರಯದಲ್ಲಿ, ಇಮ್ಮಡಿ ಜಯಸಿಂಹನ ಕಾಲದಲ್ಲಿ, ಹನ್ನೊಂದನೆಯ ಶತಮಾನದಷ್ಟು ಹಿಂದೆಯೇ ದುರ್ಗಸಿಂಹನು ಪಂಚತಂತ್ರವನ್ನು ಕನ್ನಡಕ್ಕೆ ತಂದಿದ್ದನು. ಅದೇ ಪಂಚತಂತ್ರ ಅದಕ್ಕೂ ಮುಂಚೆ ಪಾರಸಿಕ ದೇಶಕ್ಕೆ ಹೋಗಿ, ಎಂಟನೆಯ ಶತಮಾನದಲ್ಲಿ ಅರಬ್ಬೀ ಭಾಷೆಯಲ್ಲಿ ಕಲೀಲ ಮತ್ತು ದಿಮ್ನ ಎಂಬ ಹೆಸರನ್ನು ಪಡೆದು, ಮುಂದೆ ಯುರೋಪಿನ ಭಾಷೆಗಳನ್ನೆಲ್ಲ ಹೊಕ್ಕಿತು. ಅಲ್ಲಿಯ ಕರಟಕ ದಮನಕರೆಂಬ ನರಿಗಳೇ ಆ ಹೆಸರುಗಳಲ್ಲಿ ಅಡಗಿದ್ದಾರೆ. ನಾವು ಲೋಕಕ್ಕೆ ಕಥೆಯನ್ನು ಕೊಟ್ಟವರು. ಲೋಕದಿಂದ ಕಥೆಯನ್ನು ಪಡೆದರೆ ಕುಂದಿಲ್ಲ.

ಹಾಡುಗಳು

ಕಥೆಗಳಿಗಿಂತಲೂ ಮನೆಮನೆಗೆ ಹೆಚ್ಚಾಗಿ ಹೋದುವು ಪಂಜೆಯವರ ಹಾಡುಗಳು. ನಾಗರ ಹಾವನ್ನು ಕುರಿತ ಅವರ ಹಾಡು ಕನ್ನಡ ಶಾಲೆಯ ಮೆಟ್ಟಿಲೇರಿದವರಲ್ಲಿ ಬಹುಮಂದಿಗೆ ಬರುತ್ತದೆ. ಅದರಲ್ಲಿ ಮಗು ಹಾವನ್ನು ಕರೆಯುತ್ತದೆ, ಕೈ ಮುಗಿಯುತ್ತದೆ, ಹಾಲು ಕೊಡುವೆನೆನ್ನುತ್ತದೆ, ತಲೆಯಲ್ಲಿ ರತ್ನವಿರುವುದು ನಿಜವೇ ಎಂದು ಕೇಳುತ್ತದೆ. ಕಡೆಗೆ ಭಯ ಮೇಲಾಗಿ, ನಮಸ್ಕರಿಸಿ, ಹೊರಟು ಹೋಗೆನ್ನುತ್ತದೆ. ನಾಗರ ಪಂಚಮಿಯಂದು ಹುತ್ತಕ್ಕೆ ಹಾಲೆರೆಯುವ ತಾಯಿಯ ಸೆರಗನ್ನು ಹಿಡಿದು ನಿಂತ ಕೂಸಿನ ಮನಸ್ಸಿನಲ್ಲಿ ಇರುವುದು ಇದೇ ಬಗೆಯ ಅಂಜಿಕೆ, ಇದೇ ಬಗೆಯ ಬೆರಗು. ಉಪದೇಶದ ಒಂದು ಮಾತೂ ಆ ಹಾಡಿನಲ್ಲಿಲ್ಲ. ಮಗುವಿನ ಎದೆಯ ಬಡಿತವೊಂದೇ ಇದೆ.

ತೆಂಕಣ ಗಾಳಿಯ ಹಾಡಿನಲ್ಲಿ ಕಡಲಿನಿಂದ ಎದ್ದು ಬರುವ ಬಿರುಗಾಳಿಯ ಹಾರಾಟವನ್ನು ಅವರು ಪದಗಳ ಓಟದಲ್ಲಿಯೇ ಕೇಳಿಸಿದರು. ಸಮುದ್ರವನ್ನೇ ಕಾಣದ ನಮ್ಮ ಬಯಲುಸೀಮೆಯ ಹುಡುಗರಿಗೂ ಅದನ್ನು ಗಟ್ಟಿಯಾಗಿ ಓದಿದರೆ ಗಾಳಿಯ ಸದ್ದು ಕಿವಿಗೆ ಬೀಳುವುದು. ಸೂರ್ಯೋದಯವನ್ನು ಕುರಿತ ಅವರ ಹಾಡೂ ಹಾಗೆಯೇ ಬೆಳಗಿನ ಪ್ರಾರ್ಥನೆಯಂತೆ ಶಾಲೆಗಳಲ್ಲಿ ಬಳಕೆಗೆ ಬಂದಿತು. ಬಾಸೆಲ್ ಮಿಶನ್ನಿನವರಿಗಾಗಿ ಅವರು ಸಿದ್ಧಪಡಿಸಿದ ಪದ್ಯಪುಸ್ತಕಗಳ ಮೂಲಕ ಮಕ್ಕಳ ಪದ್ಯಗಳು ಕನ್ನಡದ ಶಾಲೆಗಳನ್ನು ತಲುಪಿದುವು.

ತುಳುನಾಡಿನ ವೀರರು, ಕೊಡಗಿನ ಹಬ್ಬ

ಹೊರಗಿನಿಂದ ತರುವುದಷ್ಟೇ ಅಲ್ಲ, ತಮ್ಮ ಸುತ್ತಣ ಜನರ ಹಾಡುಗಳಿಗೂ ಪಂಜೆಯವರು ಕಿವಿಗೊಟ್ಟರು. ತುಳುನಾಡಿನಲ್ಲಿ ಹೆಂಗಸರು ಗದ್ದೆಯಲ್ಲಿ ನಾಟಿ ಮಾಡುತ್ತ ಹಾಡುವ, ಭೂತಕೋಲದಲ್ಲಿ ಕೇಳಿಬರುವ ದೀರ್ಘ ಕಥನಗಳಿಗೆ ಪಾಡ್ದನಗಳೆಂದು ಹೆಸರು. ದೇಯಿ ಬೈದೆತಿಯ ಅವಳಿ ಮಕ್ಕಳಾದ ಕೋಟಿ ಚೆನ್ನಯರ ಪಾಡ್ದನ ಅವುಗಳಲ್ಲಿ ಪ್ರಸಿದ್ಧವಾದುದು. ಅನ್ಯಾಯವನ್ನು ಸಹಿಸದೆ ಕತ್ತಿ ಹಿಡಿದು ಎಣ್ಮೂರಿನಲ್ಲಿ ಮಡಿದ ಈ ಬಿಲ್ಲವ ವೀರರನ್ನು ಇಂದಿಗೂ ಗರೋಡಿಗಳಲ್ಲಿ ಪೂಜಿಸುತ್ತಾರೆ. ಪಂಜೆಯವರ ಹಿರಿಯರ ಊರಾದ ಪಂಜದ ಸೀಮೆಯೂ ಆ ಕಥೆಯಲ್ಲಿ ಬರುತ್ತದೆ. ಬರೆಹದ ಗೌರವ ದೊರೆಯದೆ ಇದ್ದ ಈ ಕಥೆಯನ್ನು ಅವರು ಕನ್ನಡ ಗದ್ಯಕ್ಕೆ ತಂದು ೧೯೨೪ರಲ್ಲಿ ಪುಸ್ತಕವಾಗಿ ಹೊರತಂದರು. ತುಳು ಬಾರದ ಕನ್ನಡಿಗರಿಗೆ ಕೋಟಿ ಚೆನ್ನಯರು ಪರಿಚಿತರಾದುದರಲ್ಲಿ ಈ ಪುಸ್ತಕದ ಪಾಲು ಬಹಳ.

ಮುಂದೆ ಉದ್ಯೋಗ ಅವರನ್ನು ಕೊಡಗಿಗೆ ಕರೆದೊಯ್ದಿತು. ಮಡಿಕೇರಿಯ ಸರಕಾರಿ ಸೆಂಟ್ರಲ್ ಹೈಸ್ಕೂಲಿನ ಮುಖ್ಯೋಪಾಧ್ಯಾಯರಾಗಿ ಅವರು ಸೇವೆ ಸಲ್ಲಿಸಿದರು. ಆಗ ಕೊಡಗು ಚೀಫ್ ಕಮಿಶನರರ ಆಡಳಿತದ ಬೇರೆ ಪ್ರಾಂತ. ಅಲ್ಲಿಯ ಜನರ ಮಾತು ಕೊಡವ. ಹೊರಗಿನಿಂದ ಬಂದ ಅಧಿಕಾರಿಯೆಂದು ದೂರ ನಿಲ್ಲದೆ ಪಂಜೆಯವರು ಆ ನಾಡಿನ ಸುಗ್ಗಿಯ ಹಬ್ಬವಾದ ಹುತ್ತರಿಯನ್ನು ಕುರಿತು ಕನ್ನಡದಲ್ಲಿ ಹಾಡನ್ನು ಕಟ್ಟಿದರು. ಹೊಸ ಭತ್ತದ ತೆನೆಯನ್ನು ಮನೆಗೆ ತರುವ ಆ ಹಬ್ಬದ ಸಂಭ್ರಮವನ್ನೂ, ಕಾವೇರಿ ಹುಟ್ಟಿದ ನೆಲದ ಹೆಮ್ಮೆಯನ್ನೂ ಹಾಡಿದ ಆ ಪದ್ಯವನ್ನು ಕೊಡಗಿನವರು ತಮ್ಮ ನಾಡಗೀತೆಯೆಂಬಂತೆ ಅಭಿಮಾನದಿಂದ ಹಾಡುತ್ತ ಬಂದಿದ್ದಾರೆ. ಕೊಂಕಣಿ ಮನೆಮಾತಿನವರು ಕೊಡವರ ಹಬ್ಬವನ್ನು ಕನ್ನಡದಲ್ಲಿ ಹಾಡಿದರು. ಮೂರು ನುಡಿಗಳಲ್ಲಿ ಯಾವುದಕ್ಕೂ ನಷ್ಟವಾಗಲಿಲ್ಲ.

ಬಾಲಸಾಹಿತ್ಯ ಮಂಡಲ

ಒಬ್ಬರು ಬರೆದರೆ ಸಾಲದು, ಹಲವರು ಕೂಡಿ ಮಕ್ಕಳಿಗಾಗಿ ದುಡಿಯಬೇಕೆಂಬ ವಿಚಾರ ಪಂಜೆಯವರಲ್ಲಿ ಬಲವಾಗಿತ್ತು. ಅದರ ಫಲವಾಗಿ ಮಂಗಳೂರಿನಲ್ಲಿ ೧೯೨೧ರಲ್ಲಿ ಬಾಲಸಾಹಿತ್ಯ ಮಂಡಲ ಹುಟ್ಟಿತು. ಮಕ್ಕಳಿಗೆಂದೇ ಚಿಕ್ಕ ಚಿಕ್ಕ ಪುಸ್ತಕಗಳನ್ನು ಹೊರತರುವುದು ಅದರ ಕೆಲಸ. ಪಾಠಪುಸ್ತಕವಲ್ಲದ, ಪರೀಕ್ಷೆಯ ಭಯವಿಲ್ಲದ, ಸಂತೋಷಕ್ಕಾಗಿಯೇ ಓದುವ ಪುಸ್ತಕ ಮಗುವಿನ ಕೈಗೆ ಸಿಗಬೇಕೆಂಬ ಆಸೆ ಇಂದು ಸಾಮಾನ್ಯವಾಗಿ ತೋರಬಹುದು. ನೂರು ವರುಷಗಳ ಹಿಂದೆ, ಮಕ್ಕಳಿಗೂ ಸಾಹಿತ್ಯವೇ ಎಂದು ದೊಡ್ಡವರು ಹುಬ್ಬೇರಿಸುತ್ತಿದ್ದ ದಿನಗಳಲ್ಲಿ, ಅದು ಸಾಹಸವೇ ಆಗಿತ್ತು.

ಆ ದಾರಿಯಲ್ಲಿ ಮುಂದೆ ಬಹುಮಂದಿ ನಡೆದರು. ಕುವೆಂಪು ಅವರು ಜರ್ಮನಿಯ ಹ್ಯಾಮಲಿನ್ ನಗರದ ಇಲಿಗಳ ಕಥೆಯನ್ನು ಬ್ರೌನಿಂಗ್ ಕವಿಯ ಇಂಗ್ಲಿಷಿನಿಂದ ತಂದು ಬೊಮ್ಮನಹಳ್ಳಿಯ ಕಿಂದರಿಜೋಗಿಯನ್ನಾಗಿ ಮಾಡಿದರು. ಶಿವರಾಮ ಕಾರಂತರು ಬಾಲಪ್ರಪಂಚವೆಂಬ ಜ್ಞಾನಕೋಶವನ್ನು ಮೂರು ಸಂಪುಟಗಳಲ್ಲಿ ಕೊಟ್ಟರು. ಜಿ. ಪಿ. ರಾಜರತ್ನಂ ಅವರ ಶಿಶುಗೀತೆಗಳು ತೊಟ್ಟಿಲ ಕೂ‍ಸುಗಳ ಕಿವಿಯನ್ನೂ ಮುಟ್ಟಿದುವು. ನಮ್ಮ ನೆರೆಯ ವಿಜಯಪುರ ಸೀಮೆಯಲ್ಲಿ ಶಂ. ಗು. ಬಿರಾದಾರ, ಕಂಚ್ಯಾಣಿ ಶರಣಪ್ಪ ಮೊದಲಾದವರು ಮಕ್ಕಳಿಗಾಗಿ ಲೇಖನಿ ಹಿಡಿದರು.

ರಾಯಚೂರಿನ ಪೀಠ, ಹೈದರಾಬಾದಿನ ಕೊನೆ

ಪಂಜೆಯವರ ಸೇವೆಯನ್ನು ನಾಡು ಮನ್ನಿಸಿತು. ೧೯೩೪ರಲ್ಲಿ ರಾಯಚೂರಿನಲ್ಲಿ ಕೂಡಿದ ಕನ್ನಡ ಸಾಹಿತ್ಯ ಸಮ್ಮೇಳನಕ್ಕೆ ಅವರೇ ಅಧ್ಯಕ್ಷರು. ರಾಯಚೂರು ಆಗ ಹೈದರಾಬಾದಿನ ನಿಜಾಮರ ಸಂಸ್ಥಾನಕ್ಕೆ ಸೇರಿತ್ತು. ಅಲ್ಲಿ ಸರಕಾರದ ಭಾಷೆ ಉರ್ದು; ಕನ್ನಡದ ಮಕ್ಕಳಿಗೆ ತಮ್ಮ ನುಡಿಯಲ್ಲಿ ಉಚ್ಚ ಶಿಕ್ಷಣ ಪಡೆಯುವ ಅನುಕೂಲವಿರಲಿಲ್ಲ. ಅಂತಹ ನೆಲದಲ್ಲಿ ಕನ್ನಡದ ಉತ್ಸವ ನಡೆದಾಗ ಆ ಪೀಠದಲ್ಲಿ ಕುಳಿತವರು ಮಕ್ಕಳ ಕವಿಯೆಂಬುದು ಅರ್ಥಪೂರ್ಣವಾದ ಸಂಗತಿ. ನುಡಿಯ ಮುಂದಿನ ಗತಿ ಮಕ್ಕಳ ಬಾಯಲ್ಲಿದೆಯಷ್ಟೆ.

ಹೈದರಾಬಾದಿನಲ್ಲಿಯೇ ೧೯೩೭ರ ಅಕ್ಟೋಬರ್ ತಿಂಗಳಲ್ಲಿ ಪಂಜೆಯವರು ದೇಹ ಬಿಟ್ಟರು. ಆಗ ಅವರಿಗೆ ಅರುವತ್ತಮೂರು ವರುಷ. ಮದರಾಸು ಪ್ರಾಂತದಲ್ಲಿ ಹುಟ್ಟಿ, ಕೊಡಗು ಪ್ರಾಂತದಲ್ಲಿ ಶಾಲೆ ನಡೆಸಿ, ಹೈದರಾಬಾದ್ ಸಂಸ್ಥಾನದಲ್ಲಿ ಕನ್ನಡಿಗರ ಸಮ್ಮೇಳನಕ್ಕೆ ಅಧ್ಯಕ್ಷರಾಗಿ, ಅದೇ ಸಂಸ್ಥಾನದ ರಾಜಧಾನಿಯಲ್ಲಿ ಕಣ್ಮುಚ್ಚಿದ ಜೀವ ಅದು. ಕನ್ನಡ ನಾಡು ಒಂದಾದುದು ೧೯೫೬ರ ನವೆಂಬರ್ ೧ರಂದು, ಅವರು ತೀರಿಕೊಂಡ ಹತ್ತೊಂಬತ್ತು ವರುಷಗಳ ತರುವಾಯ. ರಾಜ್ಯದ ಗಡಿ ಎಲ್ಲಿದೆಯೆಂದು ನೋಡಿಕೊಂಡು ಅವರು ಕನ್ನಡದ ಕೆಲಸವನ್ನು ಮಾಡಲಿಲ್ಲ. ಮಗು ಎಲ್ಲಿದೆಯೋ ಅಲ್ಲಿ ಮಾಡಿದರು.

ಗಡಿನಾಡಿನ ನಮಗೆ

ಆ ೧೯೫೬ರ ಏಕೀಕರಣದಲ್ಲಿ ಸೊಲ್ಲಾಪುರ, ಅಕ್ಕಲಕೋಟೆ, ಜತ್ತ ಸೀಮೆಯ ಕನ್ನಡಿಗರು ಹೊರಗೆ ಉಳಿದರು. ಅದಕ್ಕಿಂತ ಮೊದಲು, ೧೯೫೦ರಲ್ಲಿ, ಎಂ. ಆರ್. ಶ್ರೀನಿವಾಸಮೂರ್ತಿಯವರ ಅಧ್ಯಕ್ಷತೆಯಲ್ಲಿ ಸಾಹಿತ್ಯ ಸಮ್ಮೇಳನ ಸೊಲ್ಲಾಪುರದಲ್ಲಿಯೇ ನಡೆದಿತ್ತು. ಅದೇ ಊರಿನ ಜಯದೇವಿತಾಯಿ ಲಿಗಾಡೆಯವರು ಮರಾಠಿಯಲ್ಲಿ ಶಾಲೆಯ ಓದನ್ನು ಓದಿ, ಸ್ವಂತ ಪ್ರಯತ್ನದಿಂದ ಕನ್ನಡವನ್ನು ಬೆಳೆಸಿಕೊಂಡು, ಸಿದ್ಧರಾಮೇಶ್ವರರ ಪುರಾಣವನ್ನು ಬರೆದು, ೧೯೭೪ರಲ್ಲಿ ಮಂಡ್ಯದ ಸಮ್ಮೇಳನಕ್ಕೆ ಮೊದಲ ಮಹಿಳಾ ಅಧ್ಯಕ್ಷರಾದರು. ಅದು ಪಂಜೆಯವರ ಜನ್ಮಶತಾಬ್ದಿಯ ವರ್ಷವೂ ಆಗಿತ್ತು. ಎರಡು ನುಡಿಗಳ ನಡುವೆ ಬೆಳೆದುದರಿಂದ ಕನ್ನಡ ಕಳೆದುಹೋಗುವುದಿಲ್ಲವೆಂಬುದಕ್ಕೆ ಅರಬ್ಬೀ ಸಮುದ್ರದ ತೀರದಲ್ಲೊಂದು, ಭೀಮಾ ತೀರದ ಈ ಸೀಮೆಯಲ್ಲೊಂದು, ಹೀಗೆ ಎರಡು ಸಾಕ್ಷಿಗಳು ನಮ್ಮ ಮುಂದಿವೆ.

ಹಾಗಾದರೆ ಕನ್ನಡ ಕಳೆದುಹೋಗುವುದು ಯಾವಾಗ? ಮಗು ಪರಭಾಷೆಯ ಕಥೆಯನ್ನು ಕೇಳಿದಾಗ ಅಲ್ಲ. ನಮ್ಮ ಭಾಷೆಯಲ್ಲಿ ಯಾವ ಕಥೆಯನ್ನೂ ಕೇಳದೆ ಇದ್ದಾಗ. ೧೯೬೭ರಲ್ಲಿ ಪುಣೆಯಲ್ಲಿ ಸ್ಥಾಪಿತವಾದ ಬಾಲಭಾರತಿಯು ಮಹಾರಾಷ್ಟ್ರದ ಕನ್ನಡ ಶಾಲೆಗಳಿಗೆ ಕನ್ನಡದ ಪಾಠಪುಸ್ತಕಗಳನ್ನು ಅಚ್ಚು ಹಾಕಿ ಕೊಡುತ್ತ ಬಂದಿದೆ. ಅದು ಉಪಕಾರವೇ ಸರಿ. ಆದರೆ ಕನ್ನಡವೆಂದರೆ ಪಾಠಪುಸ್ತಕ, ಮನರಂಜನೆಯೆಂದರೆ ಬೇರೆ ಭಾಷೆ ಎಂಬ ಭಾವನೆ ಒಮ್ಮೆ ಮಗುವಿನಲ್ಲಿ ಬೇರೂರಿದರೆ, ಶಾಲೆಯನ್ನು ಬಿಟ್ಟ ದಿನವೇ ಅದು ಕನ್ನಡವನ್ನೂ ಬಿಡುವುದು. ಪಂಜೆಯವರು ಶಾಲೆಯ ಅಧಿಕಾರಿಯಾಗಿದ್ದೂ ಪಾಠಪುಸ್ತಕದ ಹೊರಗಿನ ಪುಸ್ತಕಕ್ಕಾಗಿ ಶ್ರಮಪಟ್ಟುದು ಈ ಮರ್ಮವನ್ನು ತಿಳಿದೇ.

ನಮ್ಮಲ್ಲಿ ಸಾಮಗ್ರಿಗೆ ಕೊರತೆಯಿಲ್ಲ. ದೀಪಾವಳಿಯಲ್ಲಿ ಹುಲಜಂತಿಯ ಮಹಾಲಿಂಗರಾಯನ ಜಾತ್ರೆಗೆ ಕರ್ನಾಟಕದಿಂದಲೂ ಮಹಾರಾಷ್ಟ್ರದಿಂದಲೂ ಭಕ್ತರು ನೆರೆಯುತ್ತಾರೆ, ಪಲ್ಲಕ್ಕಿಗಳ ಭೇಟಿಯಾಗುತ್ತದೆ, ಡೊಳ್ಳಿನ ಪದಗಳಲ್ಲಿ ಬೀರಪ್ಪನ ಮತ್ತು ಮಾಳಿಂಗರಾಯನ ಗುರುಶಿಷ್ಯರ ಕಥೆ ಮೊಳಗುತ್ತದೆ. ತುಳುವಿನ ಪಾಡ್ದನ ಪಂಜೆಯವರಿಗೆ ಹೇಗೋ, ಈ ಡೊಳ್ಳಿನ ಪದ ನಮಗೆ ಹಾಗೆ. ಅದನ್ನು ಎಳೆಯರಿಗೆ ತಿಳಿಯುವ ಸರಳ ಗದ್ಯದಲ್ಲಿ ಬರೆದು ಕೊಡುವ ಕೆಲಸಕ್ಕೆ ನಮ್ಮ ಶಾಲೆಗಳ ಗುರುಗಳೂ, ಸಂಘದ ತರುಣರೂ ಕೈ ಹಾಕಬಹುದು. ನೆರೆಮನೆಯ ಮರಾಠಿ ಅಜ್ಜಿಯ ಕಥೆಯನ್ನು ಕನ್ನಡದಲ್ಲಿ ಬರೆದುಕೊಂಡರೆ ಅದೂ ಕನ್ನಡದ ಸೇವೆಯೇ. ಬರೆಯಲು ಬಾರದವರು ಹೇಳಬಹುದು. ರಾತ್ರಿಯ ಊಟವಾದ ಮೇಲೆ ಕಾಲು ಗಂಟೆಯಷ್ಟು ಹೊತ್ತು ಮನೆಯ ಹಿರಿಯರು ಮೊಮ್ಮಕ್ಕಳಿಗೆ ಕನ್ನಡದಲ್ಲಿ ಕಥೆ ಹೇಳಲು ಯಾವ ಸರಕಾರದ ಅಪ್ಪಣೆಯೂ ಬೇಕಾಗಿಲ್ಲ, ಯಾವ ಠರಾವಿನ ಅವಶ್ಯಕತೆಯೂ ಇಲ್ಲ.

ಕೊಂಕಣಿಯ ಜೋಗುಳ ಕೇಳಿ ಬೆಳೆದ ಮಂಗೇಶರಾಯರು ಕನ್ನಡದ ಕೂಸುಗಳಿಗೆ ಹಾಡು ಕೊಟ್ಟು ಹೋದರು. ಕನ್ನಡದ ಜೋಗುಳವನ್ನೇ ಕೇಳಿ ಬೆಳೆದ ನಾವು ನಮ್ಮ ಮಕ್ಕಳಿಗೆ ಅದನ್ನು ಕೊಡದೆ ಇರುವುದು ತರವಲ್ಲ. ಆ ಪುಣ್ಯಜೀವಿಯ ಸ್ಮರಣೆ ನಮ್ಮ ಮನೆಗಳಲ್ಲಿ ಮಕ್ಕಳ ನಗೆಯಾಗಿ ಉಳಿಯಲಿ.